ಊದುಕೊಳವೆಯಲ್ಲಿ ಔಷಧಿ: ಪುಡಿ ಮತ್ತು ಗಾಳಿ ಊದುವ ಚಿಕಿತ್ಸೆ ನಡೆದು ಬಂದ ದಾರಿ

ಆರು ಅಂಗುಲ ಉದ್ದದ ಒಂದು ಕೊಳವೆ. ಎರಡೂ ಕಡೆ ಬಾಯಿ. ಒಳಗೆ ಒಂದಿಷ್ಟು ಖಾರವಾದ ಔಷಧಿ ಪುಡಿ. ಒಂದು ತುದಿ ರೋಗಿಯ ಮೂಗಿನ ಹೊಳ್ಳೆಯಲ್ಲಿ, ಇನ್ನೊಂದು ತುದಿ ವೈದ್ಯನ ಬಾಯಲ್ಲಿ. ವೈದ್ಯ ಉಫ್ ಎಂದು ಊದುತ್ತಾನೆ. ಅಲ್ಲಿಗೆ ಚಿಕಿತ್ಸೆ ಮುಗಿಯಿತು.

ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದಲ್ಲಿ ಈ ಕೊಳವೆಯ ಅಳತೆ ಹೀಗೇ ಇದೆ: ಆರು ಅಂಗುಲ, ಎರಡು ಬಾಯಿ, ಹೊಟ್ಟೆಯಲ್ಲಿ ಮದ್ದು. ಈಗಿನ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಇಂಚು. ಬಾಯಿಯ ಗಾಳಿಯಿಂದಲೇ ಊದಬೇಕು ಅಂತಲೂ ಹೇಳಿದೆ. ಇದಕ್ಕೆ ಪ್ರಧಮನ ಅಂತ ಹೆಸರು. ಮೂಗಿನಿಂದ ಕೊಡುವ ನಸ್ಯ ಚಿಕಿತ್ಸೆಗಳಲ್ಲಿ ಇದೂ ಒಂದು. ನಾವು ಇವತ್ತು ನಶ್ಯ ಅಂತ ಕರೆಯುವ ಹೊಗೆಸೊಪ್ಪಿನ ಪುಡಿಗೆ ಆ ಹೆಸರು ಬಂದಿದ್ದು ಈ ನಸ್ಯದಿಂದಲೇ.

ಊದಿ ಕೊಡುವ ಚಿಕಿತ್ಸೆ ಅಂದರೆ ಯಾವುದೋ ಕಾಲದ ವಿಚಿತ್ರ ಅಂತ ಅನಿಸಬಹುದು. ಆದರೆ ಇದರ ಎಳೆ ಎಲ್ಲೂ ಕಡಿದಿಲ್ಲ. ಆಸ್ತಮಾದವರು ಎಳೆದುಕೊಳ್ಳುವ ಪುಡಿಯ ಇನ್ಹೇಲರ್, ಲ್ಯಾಪ್ರೋಸ್ಕೋಪಿ ಆಪರೇಷನ್‌ನಲ್ಲಿ ಹೊಟ್ಟೆಗೆ ತುಂಬುವ ಗ್ಯಾಸ್, ಐಸಿಯುನಲ್ಲಿರುವ ವೆಂಟಿಲೇಟರ್, ಎಲ್ಲವೂ ಇದೇ ಬಳ್ಳಿಯವು. ಕೊಳವೆ ಹಾಕಿ ಊದುವುದು ಎರಡು ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ಏನನ್ನು ಊದಬೇಕು, ಎಷ್ಟು ಜೋರಾಗಿ ಊದಬೇಕು, ಊದಿದ್ದು ಒಳಗೆ ಹೋಗಿ ಎಲ್ಲಿ ನಿಲ್ಲುತ್ತದೆ ಅನ್ನೋದು ಗೊತ್ತಾಗಲು ಮಾತ್ರ ತುಂಬಾ ಕಾಲ ಬೇಕಾಯಿತು. ಆ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡು ನೋಡಿದರೆ ಈ ಇಡೀ ಇತಿಹಾಸ ಅರ್ಥವಾಗುತ್ತದೆ.

ಮೂಗೇ ಏಕೆ?

ಪ್ರಜ್ಞೆ ತಪ್ಪಿದವರಿಗೆ ಬಾಯಿಂದ ಔಷಧಿ ಕೊಡಲು ಆಗುವುದಿಲ್ಲ. ಹಲ್ಲು ಕಚ್ಚಿಕೊಂಡಿರುತ್ತದೆ. ಬಾಯಿ ತೆರೆಸಿ ಹಾಕಿದರೂ ನುಂಗುವುದಿಲ್ಲ, ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಬಹುದು. ಆಗ ತೆರೆದಿರುವ ಬಾಗಿಲು ಮೂಗು ಒಂದೇ. ಚರಕಸಂಹಿತೆ ಆಳವಾದ ಪ್ರಜ್ಞಾಹೀನ ಸ್ಥಿತಿಯನ್ನು ಸಂನ್ಯಾಸ ಅಂತ ಕರೆಯುತ್ತದೆ. ಅದಕ್ಕೆ ಹೇಳಿರುವ ಉಪಾಯಗಳು ಒಂದಕ್ಕಿಂತ ಒಂದು ಚುರುಕು: ಕಣ್ಣಿಗೆ ತೀಕ್ಷ್ಣವಾದ ಅಂಜನ, ಹೊಗೆ, ಮೂಗಿಗೆ ಊದುವ ಪುಡಿ, ಸೂಜಿಯಿಂದ ಚುಚ್ಚುವುದು, ಉಗುರಿನ ಸಂದಿಯಲ್ಲಿ ನೋವು ಕೊಡುವುದು. ಹೇಗಾದರೂ ಮಾಡಿ ಎಬ್ಬಿಸಬೇಕು ಅನ್ನುವ ಹಟ ಆ ಪಟ್ಟಿಯಲ್ಲೇ ಕಾಣುತ್ತದೆ.

ಇದರ ಹಿಂದೆ ಒಂದು ನಿಜವಾದ ದೇಹಧರ್ಮ ಇದೆ. ಮೂಗಿನ ಒಳಪೊರೆಯಲ್ಲಿ ಮುಖದ ದೊಡ್ಡ ನರವೊಂದರ ಕವಲುಗಳು ಹರಡಿವೆ. ಖಾರ, ಉರಿ, ಘಾಟು ಇವನ್ನೆಲ್ಲ ಹಿಡಿಯುವುದು ಇದೇ ನರ. ಮೆಣಸು, ಹಿಪ್ಪಲಿ, ಶುಂಠಿಯಂಥ ಪುಡಿ ಅದಕ್ಕೆ ತಾಗಿದರೆ ಸೀನು ಬರುತ್ತದೆ, ಉಸಿರು ಒಮ್ಮೆ ಜೋರಾಗಿ ಒಳಗೆ ಹೋಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ತಲೆಸುತ್ತಿ ಬಿದ್ದವರಿಗೆ ಅಮೋನಿಯಾ ಮೂಸಿಸುತ್ತಿದ್ದದ್ದೂ ಇದಕ್ಕೇ. ಸುಮ್ನೆ ಮೂರ್ಛೆ ಹೋದವರು ಇದರಿಂದ ಎದ್ದು ಕೂತಿರಬಹುದು. ಮೆದುಳಿಗೆ ಪೆಟ್ಟಾಗಿದ್ದವರು, ಸಕ್ಕರೆ ಇಳಿದು ಬಿದ್ದವರು ಏಳುತ್ತಿರಲಿಲ್ಲ. ಎಬ್ಬಿಸುವುದು ಬೇರೆ, ಕಾರಣಕ್ಕೆ ಮದ್ದು ಕೊಡುವುದು ಬೇರೆ ಅಲ್ವಾ.

ವಾಗ್ಭಟ ಇನ್ನೊಂದು ಮಾತು ಹೇಳುತ್ತಾನೆ. ಪುಡಿ ಆಗಿರುವುದರಿಂದಲೇ ಇದು ದೋಷವನ್ನು ಜಾಸ್ತಿ ಹೊರಗೆಳೆಯುತ್ತದೆ ಅಂತ. ದೋಷದ ಲೆಕ್ಕಾಚಾರ ಪಕ್ಕಕ್ಕಿಟ್ಟು ನೋಡಿದರೂ ಗಮನಿಸಿ ಹೇಳಿದ ಮಾತು ಇದು. ಎಣ್ಣೆ ಜಾರಿ ಒಂದೇ ಕಡೆ ಹರಿದು ಹೋಗುತ್ತದೆ. ಊದಿದ ಪುಡಿ ಮೂಗಿನ ಒಳಗೋಡೆಯ ಮೇಲೆಲ್ಲ ಹರಡಿ, ಅಲ್ಲಿನ ತೇವಕ್ಕೆ ಅಂಟಿ, ಅಲ್ಲೇ ಕರಗುತ್ತದೆ. ಲೋಳೆ ಧಾರಾಕಾರವಾಗಿ ಸುರಿಯುವುದು ಅದಕ್ಕೇ.

ಮೂಗಿಗೆ ಪುಡಿ ಊದುವ ಪದ್ಧತಿ ಒಂದೇ ನಾಡಿನ ಸೊತ್ತೂ ಅಲ್ಲ. ಕೊಲಂಬಸ್‌ನ ಎರಡನೇ ಯಾನದಲ್ಲಿ ಹೋಗಿದ್ದ ರಾಮೋನ್ ಪಾನೆ ಅನ್ನುವ ಪಾದ್ರಿ, ಕೆರಿಬಿಯನ್ ದ್ವೀಪಗಳ ತೈನೋ ಜನರ ನಾಟಿವೈದ್ಯರು ಕೊಹೋಬಾ ಅನ್ನುವ ಪುಡಿಯನ್ನು ಕೊಳವೆಯಿಂದ ಮೂಗಿಗೆ ಏರಿಸಿಕೊಳ್ಳುವುದನ್ನು 1490ರ ದಶಕದಲ್ಲೇ ಬರೆದಿಟ್ಟಿದ್ದಾನೆ. ಅಮೆಜಾನ್ ಕಾಡಿನ ಯನೊಮಾಮಿ ಜನರಲ್ಲಿ ಒಬ್ಬರು ಉದ್ದನೆಯ ಕೊಳವೆ ಹಿಡಿದು ಇನ್ನೊಬ್ಬರ ಮೂಗಿಗೆ ಊದುತ್ತಾರೆ. ಅಲ್ಲಿ ಪುಡಿಯ ಉದ್ದೇಶ ಬೇರೆ, ರೋಗದ ಮೂಲ ಕಾಣುವಂತೆ ವೈದ್ಯನ ಕಣ್ಣನ್ನೇ ತೆರೆಸುವುದು. ಆದರೂ ದಾರಿ ಒಂದೇ. ಮೂಗಿನ ಪೊರೆ ತೆಳು, ಅದರ ಕೆಳಗೆ ರಕ್ತನಾಳಗಳ ಬಲೆ. ಅಲ್ಲಿ ಕರಗಿದ ವಸ್ತು ಹೊಟ್ಟೆ ಮತ್ತು ಲಿವರ್ ಸುತ್ತಿ ಬರದೆ ನೇರವಾಗಿ ರಕ್ತಕ್ಕೆ ಸೇರುತ್ತದೆ.

ಸಿಡುಬಿನ ಹಕ್ಕಳೆ, ಬೆಳ್ಳಿಯ ಕೊಳವೆ

ಊದಿದ ಪುಡಿಗಳಲ್ಲೆಲ್ಲ ನನಗೆ ಅತಿ ದೊಡ್ಡದು ಅನಿಸುವುದು ಚೀನಾದ ಈ ಪ್ರಯೋಗ. 16ನೇ ಶತಮಾನದ ಹೊತ್ತಿಗೆ ಅಲ್ಲಿ ಸಿಡುಬಿನ ವಿರುದ್ಧ ಒಂದು ಕ್ರಮ ರೂಢಿಗೆ ಬಂದಿತ್ತು. ಸಿಡುಬು ಸೌಮ್ಯವಾಗಿ ಬಂದು ಹೋದವರ ಮೈಯಿಂದ ಉದುರಿದ ಹಕ್ಕಳೆಗಳನ್ನು ಆರಿಸಿ, ಕೆಲವು ಕಾಲ ಎತ್ತಿಟ್ಟು, ನುಣ್ಣಗೆ ಅರೆದು, ಬೆಳ್ಳಿಯ ಕೊಳವೆಯಲ್ಲಿ ತುಂಬಿ ಆರೋಗ್ಯವಾಗಿರುವ ಮಗುವಿನ ಮೂಗಿಗೆ ಊದುತ್ತಿದ್ದರು. ಗಂಡು ಮಗುವಾದರೆ ಒಂದು ಹೊಳ್ಳೆ, ಹೆಣ್ಣು ಮಗುವಾದರೆ ಇನ್ನೊಂದು ಹೊಳ್ಳೆ. ಕೆಲವು ದಿನಗಳಲ್ಲಿ ಮಗುವಿಗೆ ಜ್ವರ, ಒಂದಿಷ್ಟು ಗುಳ್ಳೆ. ಬದುಕಿದರೆ ಮತ್ತೆ ಜೀವನದಲ್ಲಿ ಸಿಡುಬಿನ ಭಯ ಇಲ್ಲ.

ಇಲ್ಲಿ ಎತ್ತಿಡುವುದು ಅನ್ನುವ ಹೆಜ್ಜೆಯಲ್ಲೇ ಗುಟ್ಟಿದೆ. ಹಕ್ಕಳೆ ಹಳೆಯದಾದಷ್ಟೂ ಅದರಲ್ಲಿ ಜೀವಂತ ವೈರಸ್ ಕಡಿಮೆ. ವೈರಸ್ ಅನ್ನುವ ಪದವೇ ಇಲ್ಲದ ಕಾಲದಲ್ಲಿ ಅವರು ಡೋಸ್ ಇಳಿಸುತ್ತಿದ್ದರು. ಸಿಡುಬು ತಾನಾಗಿ ಬಂದರೆ ಹತ್ತರಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಹೀಗೆ ಬೇಕೆಂದೇ ಬರಿಸಿಕೊಂಡ ಸಿಡುಬಿನಲ್ಲಿ ಸಾವು ನೂರಕ್ಕೆ ಒಂದೆರಡು. ಮಗುವನ್ನು ತಂದು ಕೂರಿಸಿದ ತಾಯಿಗೆ ಆ ಒಂದೆರಡೂ ಸಣ್ಣದಲ್ಲ. ಆದರೆ ಊರಿನಲ್ಲಿ ಸಿಡುಬು ಎದ್ದಾಗ ಕಣ್ಣಾರೆ ನೋಡಿದವರಿಗೆ ಈ ಲೆಕ್ಕ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬಾಲ್ಯದಲ್ಲಿ ಸ್ವತಃ ಸಿಡುಬಿನಿಂದ ಬದುಕಿ ಉಳಿದಿದ್ದ ಕಾಂಗ್‌ಶಿ ಚಕ್ರವರ್ತಿ ತನ್ನ ಮಕ್ಕಳಿಗೂ ಇದನ್ನು ಮಾಡಿಸಿದ.

ಈ ಸುದ್ದಿ 1700ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಮುಟ್ಟಿತು. 1721ರಲ್ಲಿ ನ್ಯೂಗೇಟ್ ಜೈಲಿನ ಕೈದಿಗಳ ಮೇಲೆ ಸಿಡುಬು ಹಾಕುವ ಪ್ರಯೋಗ ನಡೆದಾಗ ರಿಚರ್ಡ್ ಮೀಡ್ ಅನ್ನುವ ವೈದ್ಯ ಚೀನೀ ದಾರಿಯನ್ನೂ ನೋಡಿಬಿಡೋಣ ಅಂದುಕೊಂಡ. ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ಹುಡುಗಿಯ ಮೂಗಿಗೆ ಸಿಡುಬಿನ ಕೀವಿನಲ್ಲಿ ಅದ್ದಿದ ಹತ್ತಿ ಇಡಿಸಿದ. ತೋಳಿನ ಚರ್ಮ ಗೀರಿ ಹಾಕಿಸಿಕೊಂಡವರಿಗಿಂತ ಅವಳು ಬಹಳ ಜಾಸ್ತಿ ನರಳಿದಳು, ವಿಪರೀತ ತಲೆನೋವು, ಜ್ವರ. ಕೊನೆಗೆ ಬದುಕಿದಳು. ಅಲ್ಲಿಂದ ಮುಂದೆ ಯುರೋಪ್ ಚರ್ಮದ ದಾರಿಯನ್ನೇ ಹಿಡಿಯಿತು. ಮೂಗು ಸಿಡುಬಿನ ವೈರಸ್ ಸಹಜವಾಗಿ ಒಳಗೆ ಬರುವ ಬಾಗಿಲು. ಆ ಬಾಗಿಲಿನಿಂದ ಕೊಟ್ಟರೆ ರೋಗ ತನ್ನ ಪೂರ್ತಿ ಬಲದಲ್ಲಿ ಬರುವ ಅಪಾಯ ಹೆಚ್ಚು. ಅದಲ್ಲದೆ ಮೀಡ್ ಹಸಿ ಕೀವು ಇಟ್ಟಿದ್ದ, ಒಣಗಿಸಿ ಹಳೆಯದಾಗಿಸಿದ ಪುಡಿ ಊದಿರಲಿಲ್ಲ. ಚೀನೀ ಕ್ರಮದ ಜೀವಾಳವೇ ಅಲ್ಲಿ ಬಿಟ್ಟುಹೋಗಿತ್ತು ಅಂತ ನನಗನಿಸುತ್ತದೆ.

ಗಂಟಲಿಗೆ ಪಟಿಕ, ಕಿವಿಗೆ ಬೋರಿಕ್

ಗಂಟಲಿನ ಒಳಗೆ ಹುಣ್ಣಾದರೆ ಕೈ ಹೋಗುವುದಿಲ್ಲ, ಮುಲಾಮು ನಿಲ್ಲುವುದಿಲ್ಲ. ಕ್ರಿ.ಶ. 2ನೇ ಶತಮಾನದ ಗ್ರೀಕ್ ವೈದ್ಯ ಅರೆಟೇಯಸ್ ಗಂಟಲಿನ ಕೆಟ್ಟ ಹುಣ್ಣುಗಳನ್ನು ವಿವರಿಸಿ, ಒಣ ಮದ್ದನ್ನು ಜೊಂಡಿನ ಕೊಳವೆಯಿಂದ ಊದಿ ತಾಗಿಸಿ ಅನ್ನುತ್ತಾನೆ. ಅವನು ವಿವರಿಸಿದ್ದು ನಾವು ಗಂಟಲಮಾರಿ ಅನ್ನುವ ಡಿಫ್ತೀರಿಯಾ ಇರಬೇಕು ಅಂತ ಬಹಳ ಜನ ನಂಬುತ್ತಾರೆ. ಸಾವಿರದ ಏಳುನೂರು ವರ್ಷ ಕಳೆದ ಮೇಲೆ, ಆ ರೋಗಕ್ಕೆ ಹೆಸರಿಟ್ಟ ಫ್ರಾನ್ಸಿನ ಬ್ರೆಟೊನೊ ಕೂಡ ಪಟಿಕದ ಪುಡಿಯನ್ನು ಮಕ್ಕಳ ಗಂಟಲಿಗೆ ಊದುತ್ತಿದ್ದ.

ಪಟಿಕ ಒಗರು. ತೇವವಾದ ಪೊರೆಯನ್ನು ಬಿಗಿಯುತ್ತದೆ, ಸೋರಿಕೆ ತಡೆಯುತ್ತದೆ. ಆದರೆ ಗಂಟಲಮಾರಿಯಲ್ಲಿ ಕೊಲ್ಲುವುದು ಬರೀ ಗಂಟಲಿನ ಪೊರೆ ಅಲ್ಲ. ಅಲ್ಲಿ ಕೂತ ಬ್ಯಾಕ್ಟೀರಿಯಾ ಬಿಡುವ ವಿಷ ರಕ್ತಕ್ಕೆ ಸೇರಿ ಹೃದಯಕ್ಕೆ ಏಟು ಕೊಡುತ್ತದೆ. ಊದಿದ ಪುಡಿ ಎಷ್ಟೇ ಚೆನ್ನಾಗಿ ತಾಗಿದರೂ ರಕ್ತದಲ್ಲಿರುವ ವಿಷವನ್ನು ಮುಟ್ಟಲಾರದು. 1890ರಲ್ಲಿ ಬೇರಿಂಗ್ ಮತ್ತು ಕಿಟಾಸಾಟೊ ಆ ವಿಷಕ್ಕೆ ಪ್ರತಿವಿಷ ಕಂಡುಹಿಡಿದ ಮೇಲೆ ಗಂಟಲಿಗೆ ಪುಡಿ ಊದುವ ಕೆಲಸ ಹಿಂದೆ ಸರಿಯಿತು.

ಕಿವಿಯ ಕತೆ ಇದಕ್ಕೆ ಉಲ್ಟಾ. ಕಿವಿ ಸೋರುವುದು ನಿಂತಿರುವ ತೇವದ ರೋಗ. ಕೀವು ಒರೆಸಿ, ಒಣಗಿಸಿ, ಬೋರಿಕ್ ಪುಡಿಯನ್ನು ತೆಳ್ಳಗೆ ಊದುವ ಕ್ರಮವನ್ನು 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಬೆಜೋಲ್ಡ್ ಬಳಕೆಗೆ ತಂದ. ರಬ್ಬರ್ ಬುಡ್ಡೆ ಒತ್ತಿದರೆ ಪುಡಿ ಚಿಮ್ಮುವ ಸಾಧನ ಆಗ ಕಿವಿ-ಮೂಗು-ಗಂಟಲು ವೈದ್ಯರ ಮೇಜಿನ ಮೇಲೆ ಇದ್ದೇ ಇರುತ್ತಿತ್ತು. ಈ ಮದ್ದು ಇನ್ನೂ ಚಾಲ್ತಿಯಲ್ಲಿದೆ. ರೋಗ ಪುಡಿ ತಾಗುವ ಜಾಗದಲ್ಲೇ ಇದೆ, ಪುಡಿ ಅಲ್ಲೇ ನಿಲ್ಲುತ್ತದೆ, ಅದಕ್ಕೇ ಕೆಲಸ ಮಾಡುತ್ತದೆ. ಆದರೆ ಇದು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದ ವೈದ್ಯರು ಮಾಡುವ ಕೆಲಸ. ಮನೆಯಲ್ಲಿ ಯಾವ ಪುಡಿಯನ್ನೂ ಕಿವಿಗೆ, ಮೂಗಿಗೆ ಊದಬೇಡಿ.

ಒಬ್ಬ ಗಣಿ ಕಾರ್ಮಿಕನ ಉಸಿರು

ಇನ್ನು ಪುಡಿ ಬಿಟ್ಟು ಬರೀ ಗಾಳಿಗೆ ಬರೋಣ.

1732ರ ಡಿಸೆಂಬರ್. ಸ್ಕಾಟ್ಲೆಂಡಿನ ಅಲೋವಾ. ಬೆಂಕಿ ಬಿದ್ದಿದ್ದ ಕಲ್ಲಿದ್ದಲ ಗಣಿಯೊಳಗಿನ ಹೊಗೆಯಲ್ಲಿ ಜೇಮ್ಸ್ ಬ್ಲೇರ್ ಅನ್ನುವ ಕಾರ್ಮಿಕ ಬಿದ್ದುಹೋಗಿದ್ದ. ಮೇಲಕ್ಕೆ ತಂದಾಗ ನಾಡಿ ಇಲ್ಲ, ಉಸಿರಿಲ್ಲ, ಬಾಯಿ ತೆರೆದೇ ಇದೆ. ಅಲ್ಲಿದ್ದ ಸರ್ಜನ್ ವಿಲಿಯಂ ಟೊಸಾಕ್ ತನ್ನ ಬಾಯನ್ನು ಅವನ ಬಾಯಿಗೆ ಒತ್ತಿ ಜೋರಾಗಿ ಊದಿದ. ಏನೂ ಆಗಲಿಲ್ಲ. ಮೂಗು ಮುಚ್ಚಲು ಮರೆತಿದ್ದ, ಗಾಳಿಯೆಲ್ಲ ಮೂಗಿನಿಂದ ಹೊರಗೆ ಬಂತು. ಈಗ ಒಂದು ಕೈಯಲ್ಲಿ ಮೂಗು ಹಿಡಿದ, ಇನ್ನೊಂದು ಕೈಯನ್ನು ಎದೆಯ ಎಡಭಾಗದ ಮೇಲಿಟ್ಟ, ಮತ್ತೆ ಊದಿದ. ಎದೆ ಪೂರ್ತಿ ಉಬ್ಬಿತು. ಅಂಗೈ ಕೆಳಗೆ ಹೃದಯ ಆರೇಳು ಸಲ ಪಟಪಟನೆ ಬಡಿದದ್ದು ಗೊತ್ತಾಯಿತು. ಗಂಟೆಯೊಳಗೆ ಆ ಮನುಷ್ಯ ಆಕಳಿಸತೊಡಗಿದ. ನಾಲ್ಕು ಗಂಟೆ ಕಳೆಯುವುದರೊಳಗೆ ನಡೆದುಕೊಂಡು ಮನೆಗೆ ಹೋದ.

ಇವತ್ತು ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಬಾಯಿಂದ ಬಾಯಿಗೆ ಉಸಿರು ಕೊಡುವುದನ್ನು ಕಲಿಸುವಾಗ ಹೇಳುವ ಎರಡು ಮಾತು ಟೊಸಾಕ್‌ನ ಈ ಬರಹದಲ್ಲೇ ಇವೆ: ಮೂಗು ಮುಚ್ಚಿ, ಎದೆ ಏಳುತ್ತಿದೆಯೇ ನೋಡಿ. ಅವನು ಇದನ್ನು 1744ರಲ್ಲಿ ಪ್ರಕಟಿಸಿದ. ಅದಕ್ಕೂ ಮೊದಲು 1740ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಮುಳುಗಿದವರಿಗೆ ಬಾಯಿಂದ ಬಾಯಿಗೆ ಊದುವುದೇ ಒಳ್ಳೆಯದು ಅಂದಿತ್ತು. ಸೂಲಗಿತ್ತಿಯರಿಗಂತೂ ಅದಕ್ಕಿಂತ ಬಹಳ ಹಿಂದೆಯೇ ಗೊತ್ತಿತ್ತು. ಅಳದೆ ಹುಟ್ಟಿದ ಕೂಸಿನ ಬಾಯಿಗೆ ಊದುವ ಸಲಹೆ 1472ರ ಒಂದು ಮಕ್ಕಳ ವೈದ್ಯದ ಪುಸ್ತಕದಲ್ಲೇ ಇದೆ.

ಹಾಗಾದರೆ ಇಷ್ಟು ಒಳ್ಳೆಯ ಉಪಾಯ ಮುಂದೆ ಇನ್ನೂರು ವರ್ಷ ಮೂಲೆಗೆ ಬಿದ್ದದ್ದು ಏಕೆ? ಅದಕ್ಕೆ ಕಾರಣ ಹೊಸ ಜ್ಞಾನವೇ. 1770ರ ದಶಕದಲ್ಲಿ ಪ್ರೀಸ್ಟ್ಲಿ, ಶೀಲೆ ಅವರ ಕೆಲಸದಿಂದ ಆಮ್ಲಜನಕ ಬೆಳಕಿಗೆ ಬಂತು. ಹೊರಗೆ ಬಿಟ್ಟ ಉಸಿರು ಬಳಸಿದ ಗಾಳಿ, ಅದನ್ನು ಇನ್ನೊಬ್ಬರಿಗೆ ಊದುವುದು ಕೊಳಕನ್ನು ಕೊಟ್ಟಂತೆ ಅನ್ನುವ ಅಭಿಪ್ರಾಯ ಬಲವಾಯಿತು. ಬಾಯಿ ಬಿಟ್ಟು ತಿದಿ ಹಿಡಿದರು. ಜಾನ್ ಹಂಟರ್ 1776ರಲ್ಲಿ ಶುದ್ಧ ಗಾಳಿ ಒಳಗೆ ತಳ್ಳಿ ಕೆಟ್ಟ ಗಾಳಿ ಹೊರಗೆಳೆಯುವ ಜೋಡಿ ತಿದಿಯನ್ನು ಸೂಚಿಸಿದ.

ತಿದಿಯಲ್ಲಿ ಅಡಗಿದ್ದ ಅಪಾಯ ಆಮೇಲೆ ಗೊತ್ತಾಯಿತು. ನಾವು ಸಹಜವಾಗಿ ಉಸಿರಾಡುವಾಗ ಗಾಳಿಯನ್ನು ಯಾರೂ ಒಳಗೆ ತಳ್ಳುವುದಿಲ್ಲ. ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಾದ ವಪೆ ಕೆಳಗಿಳಿದು ಎದೆಗೂಡು ಹಿಗ್ಗುತ್ತದೆ, ಒಳಗೆ ಒತ್ತಡ ಕಡಿಮೆಯಾಗಿ ಗಾಳಿ ತಾನಾಗಿ ಬರುತ್ತದೆ. ಊದುವುದೆಂದರೆ ಇದಕ್ಕೆ ತಿರುಗುಮುರುಗು, ಹೊರಗಿನಿಂದ ಒತ್ತುವುದು. ಶ್ವಾಸಕೋಶದ ಗಾಳಿಚೀಲಗಳ ಗೋಡೆ ರಕ್ತದ ಕಣಕ್ಕಿಂತಲೂ ತೆಳು. ಒಬ್ಬ ದೊಡ್ಡವರು ಆರಾಮಾಗಿ ಎಳೆದುಕೊಳ್ಳುವ ಒಂದು ಉಸಿರು ಸುಮಾರು ಅರ್ಧ ಲೀಟರ್. ಬೆಂಕಿ ಊದುವ ತಿದಿಯನ್ನು ಗಾಬರಿಯಲ್ಲಿ ಒತ್ತಿದವರಿಗೆ ಈ ಅಳತೆ ಎಲ್ಲಿ ನೆನಪಿರಬೇಕು? 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಲೆರುವಾ ಪ್ರಾಣಿಗಳ ಮೇಲೆ ಮಾಡಿ ತೋರಿಸಿದ: ಜೋರಾಗಿ ತಿದಿ ಒತ್ತಿದರೆ ಶ್ವಾಸಕೋಶ ಹರಿದು, ಗಾಳಿ ಎದೆಗೂಡಿಗೆ ನುಗ್ಗಿ, ಪ್ರಾಣಿ ಸಾಯುತ್ತದೆ. ತಿದಿಯ ಮೇಲಿನ ನಂಬಿಕೆ ಹೋಯಿತು. ಅದರ ಜೊತೆಗೆ ಊದುವುದೇ ಕೆಟ್ಟದ್ದು ಅನ್ನುವ ಮಾತೂ ಬಂತು.

ಮತ್ತೆ ದಾರಿ ತೆರೆದದ್ದು 1950ರ ದಶಕದಲ್ಲಿ. ನಾವು ಹೊರಗೆ ಬಿಡುವ ಉಸಿರಿನಲ್ಲಿ ಇನ್ನೂ ನೂರಕ್ಕೆ 16ರಷ್ಟು ಆಮ್ಲಜನಕ ಉಳಿದಿರುತ್ತದೆ. ಹೊರಗಿನ ಗಾಳಿಯಲ್ಲಿರುವುದು 21. ಆ 16 ಇನ್ನೊಬ್ಬರನ್ನು ಬದುಕಿಸಲು ಸಾಕು ಅಂತ ಅಮೆರಿಕದ ಜೇಮ್ಸ್ ಎಲಾಮ್ ರಕ್ತ ಪರೀಕ್ಷೆ ಮಾಡಿ ತೋರಿಸಿದರು. ಪೀಟರ್ ಸಫಾರ್ ತಾವಾಗಿ ಮುಂದೆ ಬಂದ ಆರೋಗ್ಯವಂತರಿಗೆ ಸ್ನಾಯು ಸಡಿಲಿಸುವ ಔಷಧಿ ಕೊಟ್ಟು, ಅವರ ಉಸಿರು ನಿಲ್ಲಿಸಿ, ಬಾಯಿಂದ ಊದಿಯೇ ಅವರನ್ನು ಉಳಿಸಿಕೊಂಡು ಲೆಕ್ಕ ತೆಗೆದರು. ಆ ಸ್ವಯಂಸೇವಕರ ಧೈರ್ಯವನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಸಾಯುವ ಹೊತ್ತಿನ ಹೆದರಿಕೆ ಹೇಗಿರುತ್ತದೋ ಅದನ್ನು ಅವರು ಬೇರೆಯವರಿಗಾಗಿ ತಾವೇ ಕೇಳಿ ಪಡೆದಿದ್ದರು.

ಅದೇ ದಶಕದಲ್ಲಿ, 1952ರಲ್ಲಿ, ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಎದ್ದಿತು. ಉಸಿರಾಟದ ಸ್ನಾಯು ಸೋತ ಮಕ್ಕಳು ಒಬ್ಬರ ಹಿಂದೆ ಒಬ್ಬರು ಸಾಯುತ್ತಿದ್ದರು. ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ಕುತ್ತಿಗೆಯಲ್ಲಿ ತೂತು ಮಾಡಿ ಕೊಳವೆ ಇಳಿಸಿ, ರಬ್ಬರ್ ಚೀಲ ಒತ್ತಿ ಗಾಳಿ ಕೊಟ್ಟರು. ಅಷ್ಟು ಯಂತ್ರಗಳು ಎಲ್ಲಿಂದ ಬರಬೇಕು? ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆ ಪಕ್ಕ ಕೂತು ಹಗಲೂ ರಾತ್ರಿ ಕೈಯಿಂದ ಚೀಲ ಒತ್ತಿದರು. ನೂರಕ್ಕೆ ಎಂಬತ್ತಕ್ಕೂ ಹೆಚ್ಚಿದ್ದ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಐಸಿಯು ಅನ್ನುವ ಕೋಣೆ ಹುಟ್ಟಿದ್ದು ಹೀಗೆ.

ತಂಬಾಕಿನ ಹೊಗೆ

ನಡುವೆ ಒಂದು ತಪ್ಪು ದಾರಿಯನ್ನೂ ಹೇಳಲೇಬೇಕು. 1767ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, 1774ರಲ್ಲಿ ಲಂಡನ್ನಿನಲ್ಲಿ ಮುಳುಗಿದವರನ್ನು ಉಳಿಸುವ ಸಂಘಗಳು ಶುರುವಾದವು. ಲಂಡನ್ನಿನದು ಮುಂದೆ ರಾಯಲ್ ಹ್ಯೂಮೇನ್ ಸೊಸೈಟಿ ಆಯಿತು. ಥೇಮ್ಸ್ ನದಿಯ ದಡದಲ್ಲಿ ಅವರು ಇಟ್ಟಿದ್ದ ಪೆಟ್ಟಿಗೆಯಲ್ಲಿ ತಿದಿ, ಕೊಳವೆಗಳು, ತಂಬಾಕು ಸುಡುವ ಡಬ್ಬಿ ಇರುತ್ತಿದ್ದವು. ತಂಬಾಕಿನ ಹೊಗೆಯನ್ನು ಗುದದ್ವಾರದಿಂದ ಕರುಳಿಗೆ ಊದುವುದು ಚಿಕಿತ್ಸೆ. ಹೊಗೆ ಬಿಸಿ, ತಂಬಾಕು ಉದ್ರೇಕಕಾರಿ, ತಣ್ಣಗಾದ ದೇಹಕ್ಕೆ ಎರಡೂ ಬೇಕು ಅನ್ನುವುದು ಅವರ ತರ್ಕ.

ಅವರನ್ನು ಮೂರ್ಖರು ಅಂತ ತಳ್ಳಿಹಾಕುವುದು ಸರಿಯಲ್ಲ. ನೀರಿನಿಂದ ಎಳೆದ ದೇಹವನ್ನು ಹೆಣ ಅಂತ ಬಿಟ್ಟುಹೋಗುತ್ತಿದ್ದ ಕಾಲದಲ್ಲಿ, ಇಲ್ಲ, ಪ್ರಯತ್ನ ಮಾಡಬೇಕು, ಮಾಡಿದವರಿಗೆ ಬಹುಮಾನ ಕೊಡುತ್ತೇವೆ ಅಂದವರು ಇವರು. ಮೈ ಬೆಚ್ಚಗೆ ಮಾಡಿ, ಬಾಯಿಂದ ಉಸಿರು ಊದಿ ಅಂತಲೂ ಅವರ ಸೂಚನೆಗಳಲ್ಲಿತ್ತು. ತಪ್ಪಿದ್ದು ಏನನ್ನು ಊದಬೇಕು, ಎಲ್ಲಿಗೆ ಊದಬೇಕು ಅನ್ನುವ ಎರಡು ಕಡೆ. 1811ರಲ್ಲಿ ಬೆಂಜಮಿನ್ ಬ್ರೋಡಿ ತಂಬಾಕಿನ ಸಾರ ಪ್ರಾಣಿಗಳ ಹೃದಯವನ್ನೇ ನಿಲ್ಲಿಸುತ್ತದೆ ಅಂತ ತೋರಿಸಿದ ಮೇಲೆ ಆ ಪೆಟ್ಟಿಗೆಯ ಕಾಲ ಮುಗಿಯಿತು.

ಹೊಟ್ಟೆಯೊಳಗೆ ಗಾಳಿ

ಕರುಳಿಗೆ ಗಾಳಿ ಊದುವುದೇ ಹುಚ್ಚು ಅಂತ ಇದರಿಂದ ಅನಿಸಿದರೆ, ಇನ್ನೂ ಹಿಂದಕ್ಕೆ ಹೋಗಬೇಕು. ಹಿಪೊಕ್ರಾಟಿಸ್‌ನ ಹೆಸರಿನಲ್ಲಿರುವ ಗ್ರಂಥಗಳಲ್ಲಿ ಕರುಳು ಕಟ್ಟಿದವರಿಗೆ ಹೇಳಿದ ಚಿಕಿತ್ಸೆ ಇದು: ಕಮ್ಮಾರನ ತಿದಿಯಿಂದ ಕೆಳಗಿನಿಂದ ಗಾಳಿ ಊದಿ ಕರುಳನ್ನು ಹಿಗ್ಗಿಸಿ, ತಿದಿ ತೆಗೆದು ಎನಿಮಾ ಕೊಡಿ.

ಎಳೆ ಮಕ್ಕಳಿಗೆ, ಹೆಚ್ಚಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ, ಬರುವ ಒಂದು ತೊಂದರೆ ಇದೆ. ಕರುಳಿನ ಒಂದು ತುಂಡು ಮುಂದಿನ ತುಂಡಿನೊಳಗೆ ನುಗ್ಗಿ ಕೂರುತ್ತದೆ. ಉದ್ದ ತೋಳಿನ ಅಂಗಿಯನ್ನು ಬಿಚ್ಚುವಾಗ ತೋಳು ಒಳಗೆ ಮಡಚಿಕೊಳ್ಳುತ್ತದಲ್ಲ, ಹಾಗೆ. ಮಗು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕಾಲು ಹೊಟ್ಟೆಗೆ ಎಳೆದುಕೊಂಡು ಚೀರುತ್ತದೆ, ನಡುವೆ ಸುಸ್ತಾಗಿ ಮಲಗುತ್ತದೆ. ಬಿಟ್ಟರೆ ಕರುಳಿಗೆ ರಕ್ತ ನಿಂತು ಅದು ಸತ್ತುಹೋಗುತ್ತದೆ. ಈಗ ಇದಕ್ಕೆ ಮೊದಲ ಚಿಕಿತ್ಸೆ ಗಾಳಿಯೇ. ಗುದದ್ವಾರದಲ್ಲಿ ಕೊಳವೆ ಇಟ್ಟು, ಎಕ್ಸ್‌ರೇ ಪರದೆ ಮೇಲೆ ನೋಡುತ್ತಾ ಗಾಳಿ ಬಿಡುತ್ತಾರೆ. ಪರದೆಯಲ್ಲಿ ಕಪ್ಪಾಗಿ ಕಾಣುವ ಗಾಳಿ ದೊಡ್ಡ ಕರುಳಿನಲ್ಲಿ ಮೇಲೇರುತ್ತಾ ಹೋಗಿ, ಸಿಕ್ಕಿಕೊಂಡ ತುಂಡನ್ನು ಹಿಂದಕ್ಕೆ ತಳ್ಳುತ್ತದೆ. ಅದು ಬಿಡಿಸಿಕೊಂಡ ಕ್ಷಣ ಗಾಳಿ ಸಣ್ಣ ಕರುಳಿಗೆ ಒಮ್ಮೆಲೇ ನುಗ್ಗುವುದು ಕಣ್ಣಿಗೆ ಕಾಣುತ್ತದೆ. ಹೆಚ್ಚಿನ ಮಕ್ಕಳಿಗೆ ಆಪರೇಷನ್ನೇ ಬೇಕಾಗುವುದಿಲ್ಲ.

ಹಿಪೊಕ್ರಾಟಿಸ್‌ನ ಕಾಲಕ್ಕೂ ಇದಕ್ಕೂ ಇರುವ ವ್ಯತ್ಯಾಸ ಎರಡು. ಒಂದು, ಒಳಗೆ ಏನಾಗುತ್ತಿದೆ ಅಂತ ಕಾಣುವ ಪರದೆ. ಇನ್ನೊಂದು, ಒತ್ತಡದ ಮಾಪಕ. ಸಾಮಾನ್ಯವಾಗಿ ಪಾದರಸದ 120 ಮಿಲಿಮೀಟರ್ ದಾಟಿಸುವುದಿಲ್ಲ. ದಾಟಿಸಿದರೆ ಕರುಳು ತೂತಾಗಬಹುದು.

ಎದೆಗೂಡಿಗೂ ಬೇಕೆಂದೇ ಗಾಳಿ ತುಂಬುತ್ತಿದ್ದ ಕಾಲವೊಂದಿತ್ತು. ಇಟಲಿಯ ಕಾರ್ಲೊ ಫೋರ್ಲಾನಿನಿ 1882ರಲ್ಲಿ ಕ್ಷಯಕ್ಕೆ ಇದನ್ನು ಸೂಚಿಸಿದ. ಶ್ವಾಸಕೋಶ ಮತ್ತು ಎದೆಗೂಡಿನ ನಡುವಿನ ಸಂದಿಗೆ ಸೂಜಿಯಿಂದ ಗಾಳಿ ಅಥವಾ ಸಾರಜನಕ ಬಿಟ್ಟರೆ ಶ್ವಾಸಕೋಶ ಮುದುಡಿಕೊಳ್ಳುತ್ತದೆ. ಮುರಿದ ಮೂಳೆಗೆ ಪಟ್ಟಿ ಕಟ್ಟಿದ ಹಾಗೆ, ಹುಣ್ಣಾದ ಶ್ವಾಸಕೋಶಕ್ಕೂ ವಿಶ್ರಾಂತಿ ಅನ್ನುವುದು ಯೋಚನೆ. ಗಾಳಿ ದೇಹದಲ್ಲಿ ಹೀರಿಹೋಗುವುದರಿಂದ ಮತ್ತೆ ಮತ್ತೆ ತುಂಬಿಸಿಕೊಳ್ಳಬೇಕಿತ್ತು, ಕೆಲವರಿಗೆ ವರ್ಷಗಟ್ಟಲೆ. 1940ರ ದಶಕದಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಅನ್ನುವ ಔಷಧಿ ಬರುವ ತನಕ ಲಕ್ಷಾಂತರ ಕ್ಷಯರೋಗಿಗಳ ಆಸೆ ಇದೇ ಆಗಿತ್ತು.

ಅವರಲ್ಲಿ ಒಬ್ಬರು ಕೆನಡಾದ ಸರ್ಜನ್ ನಾರ್ಮನ್ ಬೆಥೂನ್. ಕ್ಷಯ ಹಿಡಿದು ಸ್ಯಾನಿಟೋರಿಯಂನಲ್ಲಿದ್ದಾಗ ಈ ಚಿಕಿತ್ಸೆಯ ಬಗ್ಗೆ ಓದಿ, ಹಟ ಹಿಡಿದು ತಮಗೇ ಮಾಡಿಸಿಕೊಂಡು ಗುಣವಾದರು. ಆಮೇಲೆ 1935ರಲ್ಲಿ ಅದೇ ಎದೆಯ ಸಂದಿಗೆ ಗಾಳಿಯ ಬದಲು ಟಾಲ್ಕ್ ಪುಡಿ ಊದುವ ವಿಧಾನ ಪ್ರಕಟಿಸಿದರು. ಟಾಲ್ಕ್ ಎರಡೂ ಪೊರೆಗಳನ್ನು ಕೆರಳಿಸುತ್ತದೆ, ಕೆರಳಿದ ಪೊರೆಗಳು ಒಂದಕ್ಕೊಂದು ಅಂಟುತ್ತವೆ, ಸಂದಿಯೇ ಮುಚ್ಚಿಹೋಗುತ್ತದೆ. ಗಾಳಿ ಸಂದಿ ಬಿಡಿಸುತ್ತಿತ್ತು, ಪುಡಿ ಬೆಸೆಯಿತು. ಎದೆಯಲ್ಲಿ ಪದೇ ಪದೇ ನೀರು ತುಂಬುವ ಕ್ಯಾನ್ಸರ್ ರೋಗಿಗಳಿಗೆ ಇದನ್ನು ಈಗಲೂ ಮಾಡುತ್ತಾರೆ. ಬೆಥೂನ್ 1939ರಲ್ಲಿ ಚೀನಾದ ಯುದ್ಧಭೂಮಿಯಲ್ಲಿ ಆಪರೇಷನ್ ಮಾಡುವಾಗ ಬೆರಳು ಕೊಯ್ದುಕೊಂಡು, ನಂಜು ಏರಿ ತೀರಿಕೊಂಡರು.

ಕ್ಷಯದ ಗಾಳಿ ಚಿಕಿತ್ಸೆ ಹೋದರೂ ಅದರ ಸೂಜಿ ಉಳಿಯಿತು. ಹಂಗೇರಿಯ ಯಾನೋಶ್ ವೆರೆಶ್ 1930ರ ದಶಕದಲ್ಲಿ ಎದೆಗೆ ಗಾಳಿ ಬಿಡಲು ಮಾಡಿದ ಸೂಜಿಗೆ ಸ್ಪ್ರಿಂಗ್ ಇದೆ. ಗೋಡೆ ದಾಟಿದ ಕೂಡಲೇ ಮೊಂಡಾದ ತುದಿ ಮುಂದೆ ಬಂದು ಒಳಗಿನ ಅಂಗಕ್ಕೆ ಚುಚ್ಚದಂತೆ ಕಾಯುತ್ತದೆ. ಇವತ್ತು ಲ್ಯಾಪ್ರೋಸ್ಕೋಪಿಯಲ್ಲಿ ಹೊಟ್ಟೆಗೆ ಗ್ಯಾಸ್ ತುಂಬಲು ಬಳಸುವುದು ಅದೇ ಸೂಜಿ. ಅಲ್ಲಿ ತುಂಬುವುದು ಗಾಳಿಯನ್ನಲ್ಲ, ಇಂಗಾಲದ ಡೈಆಕ್ಸೈಡನ್ನು. ಅದು ಹೊತ್ತಿಕೊಳ್ಳುವುದಿಲ್ಲ, ರಕ್ತದಲ್ಲಿ ಬೇಗ ಕರಗಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಗಾಳಿಯ ಗುಳ್ಳೆ ರಕ್ತನಾಳಕ್ಕೆ ಹೊಕ್ಕರೆ ಅಷ್ಟು ಸುಲಭವಾಗಿ ಕರಗುವುದಿಲ್ಲ. ಒತ್ತಡ ಪಾದರಸದ 12ರಿಂದ 15 ಮಿಲಿಮೀಟರ್ ಇದ್ದರೆ ಸಾಕು, ಹೊಟ್ಟೆಯ ಗೋಡೆ ಡೇರೆಯ ಹಾಗೆ ಮೇಲೇಳುತ್ತದೆ.

ಈ ಆಪರೇಷನ್ ಆದವರು ಹೊಟ್ಟೆ ಕೊಯ್ದರೆ ಭುಜ ಏಕೆ ನೋಯುತ್ತೆ ಅಂತ ಕೇಳುತ್ತಾರೆ. ಗ್ಯಾಸ್ ವಪೆಯನ್ನು ಕೆರಳಿಸುತ್ತದೆ. ವಪೆಯ ನರ ಮತ್ತು ಭುಜದ ಚರ್ಮದ ನರ ಬೆನ್ನುಹುರಿಗೆ ಸೇರುವ ಜಾಗ ಒಂದೇ, ಮೆದುಳಿಗೆ ಗೊಂದಲವಾಗುತ್ತದೆ. 1920ರಲ್ಲಿ ನ್ಯೂಯಾರ್ಕಿನ ಇಸಿಡೋರ್ ರೂಬಿನ್ ಈ ನೋವನ್ನೇ ಪರೀಕ್ಷೆಯ ಗುರುತಾಗಿ ಬಳಸಿದ. ಮಕ್ಕಳಾಗದ ಹೆಂಗಸರ ಗರ್ಭಕೋಶಕ್ಕೆ ಗ್ಯಾಸ್ ಬಿಟ್ಟು ಎದ್ದು ಕೂರಲು ಹೇಳುತ್ತಿದ್ದ. ಭುಜ ನೋಯಿತೋ, ಗ್ಯಾಸ್ ಹೊಟ್ಟೆಗೆ ದಾಟಿದೆ, ಅಂದರೆ ಗರ್ಭನಾಳ ತೆರೆದಿದೆ.

ಪುಡಿಯ ಕಣ ಎಷ್ಟು ದಪ್ಪ?

ಈಗ ಮತ್ತೆ ಪುಡಿಗೆ. ಹಳೆಯ ವೈದ್ಯರು ಊದಿದ ಪುಡಿ ಶ್ವಾಸಕೋಶದ ಆಳಕ್ಕೆ ಹೋಗುತ್ತಲೇ ಇರಲಿಲ್ಲ. ಕಣ 10 ಮೈಕ್ರಾನ್‌ಗಿಂತ ದಪ್ಪ ಇದ್ದರೆ ಮೂಗು ಗಂಟಲಿನ ತಿರುವುಗಳಲ್ಲೇ ಗೋಡೆಗೆ ಬಡಿದು ಅಂಟುತ್ತದೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. 1ರಿಂದ 5 ಮೈಕ್ರಾನ್ ಇದ್ದರೆ ಸಣ್ಣ ಶ್ವಾಸನಾಳಗಳವರೆಗೆ ಇಳಿಯುತ್ತದೆ. ಇನ್ನೂ ಸಣ್ಣದಾದರೆ ಬಹುಪಾಲು ಹೋದ ದಾರಿಯಲ್ಲೇ ಉಸಿರಿನೊಂದಿಗೆ ಹೊರಗೆ ಬರುತ್ತದೆ.

1891ರಲ್ಲಿ ಲಂಡನ್ನಿನಲ್ಲಿ ಮಾರಾಟವಾಗುತ್ತಿದ್ದ ಕಾರ್ಬಾಲಿಕ್ ಸ್ಮೋಕ್ ಬಾಲ್ ಇದೇ ಬಳಗದ್ದು. ರಬ್ಬರ್ ಚೆಂಡು ಹಿಸುಕಿದರೆ ಕಾರ್ಬಾಲಿಕ್ ಆಮ್ಲದ ಪುಡಿ ಹೊಗೆಯಂತೆ ಮೂಗಿಗೆ ಹೋಗುತ್ತಿತ್ತು. ಬಳಸಿದ ಮೇಲೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡ್ ಕೊಡುತ್ತೇವೆ ಅಂತ ಕಂಪನಿ ಜಾಹೀರಾತು ಹಾಕಿತ್ತು. ಲೂಯಿಸಾ ಕಾರ್ಲಿಲ್ ಹೇಳಿದಂತೆಯೇ ಬಳಸಿದರು, ಜ್ವರ ಬಂತು, ಕೋರ್ಟಿಗೆ ಹೋಗಿ ಗೆದ್ದರು. ಕಾನೂನು ಓದಿದವರಿಗೆಲ್ಲ ಈ ಕೇಸ್ ಬಾಯಿಪಾಠ. ಪುಡಿ ಎಲ್ಲಿ ಹೋಗಿ ಕೂರುತ್ತದೆ, ಅಲ್ಲಿ ಏನು ಮಾಡುತ್ತದೆ ಅಂತ ತಿಳಿಯದೆ ಮಾರಿದ ಕತೆ ಇದು.

ತಿಳಿದು ಮಾಡಿದವರು ರೋಜರ್ ಆಲ್ಟೂನ್ಯನ್. ಸ್ವತಃ ಆಸ್ತಮಾ ಇದ್ದ ವೈದ್ಯ. ಹೊಸ ಔಷಧಿಗಳನ್ನು ತಮ್ಮ ಮೇಲೆಯೇ ಪರೀಕ್ಷಿಸಿಕೊಂಡವರು. ಬೇಕೆಂದೇ ಆಸ್ತಮಾ ಬರಿಸಿಕೊಂಡು, ಔಷಧಿ ಎಳೆದುಕೊಂಡು, ಉಸಿರು ಅಳೆದುಕೊಳ್ಳುತ್ತಿದ್ದರು. 1960ರ ದಶಕದಲ್ಲಿ ಹೀಗೆ ಸಿಕ್ಕಿದ ಔಷಧಿಯೇ ಕ್ರೋಮೊಗ್ಲೈಕೇಟ್. ಅದನ್ನು ಪುಡಿಯಾಗಿ ಕೊಡಲು ತೊಡಕೊಂದಿತ್ತು. ಅಷ್ಟು ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಅವನ್ನು ಲ್ಯಾಕ್ಟೋಸ್ ಅನ್ನುವ ಹಾಲಿನ ಸಕ್ಕರೆಯ ದಪ್ಪ ಕಣಗಳ ಜೊತೆ ಬೆರೆಸಿದರು. ಯುದ್ಧಕಾಲದಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದ ಆಲ್ಟೂನ್ಯನ್, ಇನ್ಹೇಲರ್ ಒಳಗೆ ಪುಟ್ಟ ಪ್ರೊಪೆಲ್ಲರ್ ಇಟ್ಟರು. ರೋಗಿ ಎಳೆದ ಉಸಿರಿಗೆ ಅದು ಗಿರ್ರನೆ ತಿರುಗಿ ಕ್ಯಾಪ್ಸೂಲ್ ಅಲುಗಾಡುತ್ತದೆ, ಪುಡಿ ಬಿಡಿಬಿಡಿಯಾಗಿ ಹಾರುತ್ತದೆ. ಲ್ಯಾಕ್ಟೋಸ್ ಗಂಟಲಲ್ಲೇ ಉಳಿಯುತ್ತದೆ, ಔಷಧಿ ಒಳಗೆ ಹೋಗುತ್ತದೆ. ಇಲ್ಲಿ ಊದುವವರು ಯಾರೂ ಇಲ್ಲ. ಕೊಳವೆಯ ಆ ತುದಿಯ ವೈದ್ಯನ ಕೆಲಸವನ್ನು ರೋಗಿಯ ಉಸಿರೇ ಮಾಡುತ್ತದೆ.

ಆದರೆ ಪ್ರಜ್ಞೆ ಇಲ್ಲದವರು ಉಸಿರು ಎಳೆದುಕೊಳ್ಳುವುದು ಹೇಗೆ? ಚರಕನ ಕಾಲದ ಆ ಪ್ರಶ್ನೆ ಹಾಗೇ ಉಳಿದಿತ್ತು. ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಿಗೆ ಕೆಲವೊಮ್ಮೆ ರಕ್ತದ ಸಕ್ಕರೆ ತೀರಾ ಇಳಿದು ಪ್ರಜ್ಞೆ ಹೋಗುತ್ತದೆ. ಸಿಹಿ ಬಾಯಿಗೆ ಹಾಕುವಂತಿಲ್ಲ. ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊರಗೆ ಬಿಡಿಸುವ ಗ್ಲುಕಗಾನ್ ಅನ್ನುವ ಹಾರ್ಮೋನಿನ ಇಂಜೆಕ್ಷನ್ ಕೊಡಬೇಕು. ಕೈ ನಡುಗುವ ಆ ಹೊತ್ತಿನಲ್ಲಿ ಮನೆಯವರು ಅದನ್ನು ಬೆರೆಸಿ ಚುಚ್ಚುವುದು ಕಷ್ಟ. 2019ರಲ್ಲಿ ಅಮೆರಿಕದಲ್ಲಿ ಅದರ ಪುಡಿಗೆ ಒಪ್ಪಿಗೆ ಸಿಕ್ಕಿತು. ಹೆಬ್ಬೆರಳಿನಷ್ಟು ಸಾಧನ, ಒಳಗೆ 3 ಮಿಲಿಗ್ರಾಂ ಗ್ಲುಕಗಾನ್. ತುದಿಯನ್ನು ಒಂದು ಹೊಳ್ಳೆಯಲ್ಲಿಟ್ಟು, ಹಸಿರು ಗೆರೆ ಕಾಣದಾಗುವ ತನಕ ಹಿಂಬದಿಯ ಗುಂಡಿ ಒತ್ತಬೇಕು. ಪುಡಿ ಚಿಮ್ಮಿ ಮೂಗಿನ ಒಳಗೋಡೆಗೆ ಅಂಟುತ್ತದೆ, ತೇವದಲ್ಲಿ ಕರಗಿ ರಕ್ತಕ್ಕೆ ಸೇರುತ್ತದೆ. ರೋಗಿ ಉಸಿರು ಎಳೆದುಕೊಳ್ಳಬೇಕಾಗಿಲ್ಲ. ಒತ್ತಿದ ಮೇಲೆ ಅವರನ್ನು ಒಂದು ಮಗ್ಗುಲಿಗೆ ಮಲಗಿಸಿ, ಆಂಬುಲೆನ್ಸ್‌ಗೆ ಫೋನ್ ಮಾಡಿ, ಪಕ್ಕದಲ್ಲಿ ಕಾಯಬೇಕು. ಸಾಮಾನ್ಯವಾಗಿ ಹದಿನೈದು ನಿಮಿಷದೊಳಗೆ ಕಣ್ಣು ಬಿಡುತ್ತಾರೆ.